ಕಾರಿನ ಕೆಳಗಿನ ತಟ್ಟೆ

“ಆ ಕಾರೂ ಮೂರು ವರ್ಷ ತಡ್ಯಾಕಿಲ್ಲ, ಈ ಉಡ್ಗೀನೂ ತಡ್ಯಾಕಿಲ್ಲ” ಎಂದವರು ನಮ್ಮ ದೊಡ್ಡಪ್ಪ. ಹುಣಸಮಾರನಹಳ್ಳಿಯ ಮನೆಯ ಜಗಲಿಯ ಮೇಲೆ ನಿಂತು, ಬೀದಿಯವರಿಗೂ ಕೇಳಿಸಲಿ ಎನ್ನುವಂತೆ ಹೇಳಿದರು. ಕಾರು ನನ್ನ ಅತ್ತೆಯದು, ಹುಡುಗಿ ನಾನು. ಅತ್ತೆ ಡ್ರೈವರ್ ಸೀಟಿನಲ್ಲಿ ಕೂತು, ಬಲಗೈಯನ್ನು ಕಿಟಕಿಯ ಮೇಲೆ ಊರಿಕೊಂಡು, ನನ್ನ ಬಟ್ಟೆಯ ಚೀಲ ಹಿಂದಿನ ಸೀಟಿಗೆ ಬರುವುದನ್ನೇ ಕಾಯುತ್ತಿದ್ದಳು. ಆ ಕೈಯನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ಬೆರಳಿನಿಂದ ರವಿಕೆಯ ತೋಳಿನ ಅಂಚಿನವರೆಗೆ ಅದು ಹೆಂಚಿನ ಮೇಲೆ ಸೀದ ರಾಗಿರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಸ್ಟೇರಿಂಗ್ ಮೇಲಿದ್ದ ಎಡಗೈ ಮಾತ್ರ ಅವಳು ಹುಟ್ಟಿದಾಗಿನ ಬಣ್ಣದಲ್ಲೇ ಇತ್ತು. ಇಬ್ಬರು ಹೆಂಗಸರ ಕೈಗಳನ್ನು ಒಬ್ಬಳಿಗೆ ಜೋಡಿಸಿದ ಹಾಗೆ. ವರ್ಷಗಟ್ಟಲೆ ಕಿಟಕಿಯ ಬಿಸಿಲು ತಿಂದ ಕೈ ಅದು.

ನಾನು ಹತ್ತಿ ಬಾಗಿಲು ಹಾಕಿಕೊಂಡ ಮೇಲೆ ಅತ್ತೆ ಹೇಳಿದ್ದು ಒಂದೇ ಮಾತು. “ಬಾಗಿಲು ಇನ್ನೊಂದು ಸಲ ಎಳಿ ಮಗಾ. ಒಂದೇಟಿಗೆ ಕೂರಲ್ಲ ಅದು.”

ಅತ್ತೆ ಎಂದರೆ ಅಪ್ಪನ ತಂಗಿ, ದೊಡ್ಡಪ್ಪನಿಗೂ ತಂಗಿ. ಅಪ್ಪ ನಾನು ಹೈಸ್ಕೂಲಿನಲ್ಲಿದ್ದಾಗಲೇ ತೀರಿಕೊಂಡಿದ್ದ. ಅಲ್ಲಿಂದಾಚೆ ನಮ್ಮ ಮನೆಯಲ್ಲಿ ಏನು ಆಗಬೇಕು, ಏನು ಆಗಬಾರದು ಎಂಬುದೆಲ್ಲ ದೊಡ್ಡಪ್ಪನ ಮಾತಿನಂತೆ ನಡೆಯುತ್ತಿತ್ತು. ಅವರು ಕೆಟ್ಟವರಲ್ಲ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು, ಅದರಲ್ಲಿ ಒಂದನ್ನು ಅವ್ವನಿಗೂ ನನಗೂ ಬಿಟ್ಟುಕೊಟ್ಟಿದ್ದರು, ಊಟಕ್ಕೆ ಬಟ್ಟೆಗೆ ಕೊರತೆ ಮಾಡಿರಲಿಲ್ಲ. ಆದರೆ ಪಿಯುಸಿ ಆದ ಮೇಲೆ ನನ್ನನ್ನು ಕಾಲೇಜಿಗೆ ಕಳಿಸುವುದಿಲ್ಲ ಎಂದು ತೀರ್ಮಾನ ಮಾಡಿಬಿಟ್ಟಿದ್ದರು. ನಮ್ಮ ವಂಶದಲ್ಲಿ ಗಂಡು ಮಕ್ಕಳೇ ಡಿಗ್ರಿಯ ಹತ್ತಿರ ಹೋಗಿರಲಿಲ್ಲ. ಅವರು ನೋಡದೇ ಇದ್ದದ್ದನ್ನು ಅವರು ನಂಬುತ್ತಿರಲಿಲ್ಲ, ಅಷ್ಟೆ. ಅವ್ವ ಒಲೆಯ ಮುಂದೆ ಕೂತು ಅತ್ತಳು, ಆಮೇಲೆ ಯಾರಿಗೂ ಹೇಳದೆ ಅತ್ತೆಗೆ ಫೋನ್ ಮಾಡಿದಳು.

ದೊಡ್ಡಪ್ಪನಿಗೂ ಅತ್ತೆಗೂ ಮಾತು ನಿಂತು ಬಹಳ ಕಾಲವಾಗಿತ್ತು. ಅತ್ತೆಯ ಗಂಡ ಟೂರಿಸ್ಟ್ ಕಾರು ಓಡಿಸುತ್ತಿದ್ದವನು, ಒಂದು ಮಧ್ಯಾಹ್ನ ಯಶವಂತಪುರದ ಸ್ಟ್ಯಾಂಡಿನಲ್ಲಿ ಸ್ಟೇರಿಂಗ್ ಮೇಲೆ ತಲೆ ಇಟ್ಟವನು ಎತ್ತಲಿಲ್ಲ. ಮಕ್ಕಳಿರಲಿಲ್ಲ. ತಿಥಿ ಮುಗಿದ ಮೇಲೆ ದೊಡ್ಡಪ್ಪ ಹೋಗಿ, ಕಾರು ಮಾರಿ ಊರಿಗೆ ಬಾ, ಒಂದು ರೂಮು ಕೊಡುತ್ತೇನೆ ಎಂದರಂತೆ. ಅತ್ತೆ ಕಾರು ಮಾರಲಿಲ್ಲ. ಗಂಡ ಬದುಕಿದ್ದಾಗ ಖಾಲಿ ಲೇಔಟುಗಳಲ್ಲಿ ತಮಾಷೆಗೆ ಕಲಿಸಿದ್ದ ಡ್ರೈವಿಂಗನ್ನು ಹೊಟ್ಟೆಪಾಡಿಗೆ ಹಚ್ಚಿಕೊಂಡಳು. ಮುಂದಿನ ಹಬ್ಬಕ್ಕೆ ಅದೇ ಬಿಳಿ ಕಾರನ್ನು ತಾನೇ ಓಡಿಸಿಕೊಂಡು ಊರಿಗೆ ಬಂದಾಗ ಜನ ಬಾಗಿಲಿಗೆ ಬಂದು ನೋಡಿದರು. ದೊಡ್ಡಪ್ಪ ಒಳಗಿನಿಂದ ಬರಲಿಲ್ಲ. “ಗಂಡನ್ನ ಮಣ್ಣು ಮಾಡಿ ಅವನ ಸೀಟ್ ಮೇಲೆ ಕುಂತವ್ಳೆ” ಎಂದು ಅಲ್ಲಿಂದಲೇ ಹೇಳಿದ್ದು ಹೊರಗೆ ಕೇಳಿಸಿತು. ಅವತ್ತಿನಿಂದ ಅವರ ಬಾಯಲ್ಲಿ ತಂಗಿ ಎಂಬ ಮಾತು ಬರಲಿಲ್ಲ. ‘ಅವ್ಳು’ ಎಂದೇ ಹೇಳುತ್ತಿದ್ದರು.

ಅತ್ತೆಯ ಮನೆ ಗಂಗಾನಗರದ ಒಂದು ಗಲ್ಲಿಯಲ್ಲಿತ್ತು. ಮುಂದಿನ ಕೋಣೆ, ಹಿಂದೆ ಅಡುಗೆಮನೆ, ಬಾಗಿಲಿಗೆ ಒತ್ತಿಕೊಂಡಂತೆ ಕಾರು. ಮನೆಗಿಂತ ಕಾರೇ ದೊಡ್ಡದು ಎನ್ನಿಸುತ್ತಿತ್ತು. ಅವಳ ದಿನ ಶುರುವಾಗುತ್ತಿದ್ದದ್ದು ಕಾರಿನ ಕೆಳಗೆ. ಎಂಜಿನ್ ಇರುವ ಜಾಗಕ್ಕೆ ಸರಿಯಾಗಿ ಒಂದು ಸ್ಟೀಲ್ ಊಟದ ತಟ್ಟೆಯನ್ನು ಪ್ರತಿ ಸಂಜೆ ಇಡುತ್ತಿದ್ದಳು. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕುವ ಮುಂಚೆ ಮಂಡಿಯೂರಿ ಆ ತಟ್ಟೆ ಎಳೆದು ನೋಡುವಳು. ರಾತ್ರಿ ಸೋರಿದ ಕಪ್ಪು ಆಯಿಲ್ ಅದರಲ್ಲಿ ಬಿದ್ದಿರುತ್ತಿತ್ತು. ಹನಿ ಮಾಮೂಲಿನಷ್ಟೇ ಇದ್ದರೆ ಒರೆಸಿ ಎತ್ತಿಡುವಳು, ಹೆಚ್ಚಿದ್ದರೆ ಬಾನೆಟ್ ತೆಗೆಯುವಳು. ಎಂಜಿನ್ನಿನಲ್ಲಿ ಆಯಿಲ್ ಕಡಿಮೆಯಾದರೆ ಹತ್ತಬೇಕಾದ ಕೆಂಪು ದೀಪ ಅವಳ ಗಂಡನ ಕಾಲದಲ್ಲೇ ಸತ್ತುಹೋಗಿತ್ತು. ಅದನ್ನು ಸರಿ ಮಾಡಿಸುವ ಗೋಜಿಗೆ ಅವಳು ಹೋಗಲಿಲ್ಲ. ತಟ್ಟೆ ಇದೆಯಲ್ಲ ಎನ್ನುವಳು.

ಅದು ಅವಳ ಗಂಡ ಉಣ್ಣುತ್ತಿದ್ದ ತಟ್ಟೆ. ಈ ಸುದ್ದಿ ಊರಿಗೂ ಮುಟ್ಟಿ, “ಗಂಡ ಉಂಡ ತಟ್ಟೇನ ಕಾರಿಗೆ ಇಕ್ಕವ್ಳೆ, ಇಂತಾ ಎಂಗಸು ಎಲ್ಲವ್ಳೆ” ಎಂದು ದೊಡ್ಡಪ್ಪ ನಾಲ್ಕು ಜನರ ಮುಂದೆ ಆಡಿಕೊಂಡಿದ್ದರು. ನಾನು ಅದನ್ನು ಅತ್ತೆಗೆ ಹೇಳಿದಾಗ ಅವಳು ಸಿಟ್ಟಾಗಲಿಲ್ಲ. “ಅವರು ಇದ್ದಾಗ ಅವರು ದುಡೀತಿದ್ರು, ಅವರ ಮುಂದೆ ಇಡ್ತಿದ್ದೆ. ಈಗ ಇದು ದುಡಿಯುತ್ತೆ, ಇದರ ಮುಂದೆ ಇಡ್ತೀನಿ” ಎಂದಳು.

ಅವಳ ಗಿರಾಕಿಗಳೆಲ್ಲ ವಯಸ್ಸಾದವರು. ಸಹಕಾರನಗರ, ಆರ್.ಟಿ. ನಗರದ ಮನೆಗಳಲ್ಲಿ ಒಂಟಿಯಾಗಿಯೋ ಜೋಡಿಯಾಗಿಯೋ ಇದ್ದು, ಫೋನಿನಲ್ಲಿ ಗಾಡಿ ಬುಕ್ ಮಾಡಲು ಬಾರದವರು. ಅವರನ್ನು ಆಸ್ಪತ್ರೆಗೆ, ಬ್ಯಾಂಕಿಗೆ, ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಮೊಣಕೈ ಹಿಡಿದು ಇಳಿಸಿ, ಕೆಲಸ ಮುಗಿಯುವ ತನಕ ಕಾದು, ಮತ್ತೆ ಮನೆಯ ಮೆಟ್ಟಿಲು ಹತ್ತಿಸಿ ಬರುತ್ತಿದ್ದಳು. ಕಾರಿನಲ್ಲಿ ಹಾಡು ಹಾಕುತ್ತಿರಲಿಲ್ಲ. ಎಂಜಿನ್ ಶಬ್ದ ಕೇಳಿಸಬೇಕು ಎನ್ನುವಳು. ರಸ್ತೆಯಲ್ಲಿ ಮಾತಿಗೆ ಮಾತು ಕೊಡದೆ ಬಿಡುತ್ತಿರಲಿಲ್ಲ. ಒಮ್ಮೆ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದ ಆಟೋದವನು, “ಅಕ್ಕಾ, ಅಡುಗೆಮನೆ ಆ ಕಡೆ” ಎಂದು ಕೈ ತೋರಿಸಿದ. ಅತ್ತೆ ಅವನ ಕಡೆ ತಿರುಗಿಯೂ ನೋಡದೆ, “ಗೊತ್ತು ಗುರು, ನಿನ್ನ ಹೆಂಡ್ತಿ ಕಾಯ್ತಿದಾಳೆ ಅಲ್ಲಿ. ಪಾತ್ರೆ ಬಿದ್ದಿದೆಯಂತೆ, ಬೇಗ ಹೋಗು” ಎಂದಳು. ಹಿಂದೆ ಕೂತಿದ್ದ ಅಜ್ಜಿ ಹೆಬ್ಬಾಳ ದಾಟುವ ತನಕ ನಗುತ್ತಲೇ ಇದ್ದರು.

ನಾನು ಬಿ.ಕಾಂ.ಗೆ ಸೇರಿದೆ. ಕಾಲೇಜು ಬಿಟ್ಟ ಮೇಲೆ ಎಷ್ಟೋ ದಿನ ಆಸ್ಪತ್ರೆಗಳ ಹೊರಗೆ ನಿಂತ ಅದೇ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಓದಿದ್ದೇನೆ. ಅತ್ತೆ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದರೂ ಓದಿದ್ದನ್ನು ತನಗೆ ಹೇಳಬೇಕೆಂದು ಹಟ ಹಿಡಿಯುವಳು. ಒಂದು ದಿನ ಸವಕಳಿಯ ಲೆಕ್ಕ ಓದುತ್ತಿದ್ದೆ. ಗಾಡಿಗೆ ವರ್ಷ ವರ್ಷವೂ ಬೆಲೆ ಇಳಿಯುತ್ತದೆ, ಕಡೆಗೆ ಪುಸ್ತಕದಲ್ಲಿ ಏನೂ ಉಳಿಯುವುದಿಲ್ಲ ಎಂದು ವಿವರಿಸಿದೆ.

“ಹಂಗಾದ್ರೆ ನಿನ್ನ ಪುಸ್ತಕದ ಪ್ರಕಾರ ಈ ಕಾರಿಗೆ ಏನು ಬೆಲೆ?”

“ಸೊನ್ನೆ ಅತ್ತೆ.”

ಅವಳು ಕನ್ನಡಿಯಲ್ಲಿ ನನ್ನನ್ನೇ ನೋಡಿದಳು. “ಸೊನ್ನೇಲಿ ಕೂತ್ಕೊಂಡು ಕಾಲೇಜಿಗೆ ಹೋಗ್ತಿದೀಯ ಕಣೇ. ಪರೀಕ್ಷೇಲಿ ಇದನ್ನೂ ಬರಿ.”

ಹಾಗೆ ನಗುತ್ತಿದ್ದವಳಿಗೂ ಒಂದು ಭಯ ಇತ್ತು. ಕಾರು ನಿಂತರೆ ನನ್ನ ಕಾಲೇಜು ನಿಲ್ಲುತ್ತದೆ, ಕಾಲೇಜು ನಿಂತರೆ ನಾನು ಹುಣಸಮಾರನಹಳ್ಳಿಗೆ ವಾಪಸ್ಸು ಹೋಗಬೇಕು, ದೊಡ್ಡಪ್ಪ ಹೇಳಿದ್ದು ನಿಜವಾಗುತ್ತದೆ. ಈ ಭಯವನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಬೆಳಿಗ್ಗೆ ತಟ್ಟೆ ಎಳೆಯುವಾಗ ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಅವಳ ಕಾಯಂ ಗಿರಾಕಿಗಳಲ್ಲಿ ಸಹಕಾರನಗರದ ರಿಟೈರ್ಡ್ ಮೇಷ್ಟ್ರು ಒಬ್ಬರಿದ್ದರು. ಹೃದಯದ ಆಪರೇಷನ್ ಆದವರು, ಮೆಲುದನಿಯವರು. ಅತ್ತೆಯ ಕಾರು ಏರಿನಲ್ಲಿ ಏದುಸಿರು ಬಿಟ್ಟರೆ ತಾವೂ ಎದೆ ಹಿಡಿದುಕೊಳ್ಳುವರು. ನಾನು ಎರಡನೇ ವರ್ಷದಲ್ಲಿದ್ದಾಗ, ಆಯುಧಪೂಜೆ ಹತ್ತಿರ ಬಂದಿತ್ತು, ಅವರು ಒಂದು ಡಬ್ಬ ದುಬಾರಿಯ ಸಿಂಥೆಟಿಕ್ ಎಂಜಿನ್ ಆಯಿಲ್ ತಂದು ಅತ್ತೆಯ ಕೈಗಿಟ್ಟರು. ಎಲ್ಲರೂ ಸೀರೆ ಕೊಡ್ತಾರೆ, ನಾನು ನಿಮ್ಮ ಕಾರಿಗೆ ಕೊಡ್ತಿದೀನಿ, ಬೇಡ ಅನ್ನಬೇಡಿ ಎಂದರು. ಅಲ್ಲಿಯವರೆಗೆ ಅತ್ತೆ ಹಾಕಿಸುತ್ತಿದ್ದದ್ದು ಮಾಮೂಲಿ ಆಯಿಲ್, ಅದರಲ್ಲೂ ಗಟ್ಟಿಯಾದದ್ದು. ಕಪ್ಪಾಗಿ ಜಿಡ್ಡುಗಟ್ಟಿದರೂ ಬದಲಿಸುವುದನ್ನು ಮುಂದಕ್ಕೆ ತಳ್ಳುವಳು.

ಮೆಕ್ಯಾನಿಕ್ ಡಬ್ಬ ತಿರುಗಿಸಿ ನೋಡಿದ. ಹಾಕಬಹುದು, ಒಳ್ಳೇದೇ, ಆದರೆ ಇದು ಒಳಗಿನ ಕೊಳೆಯನ್ನೆಲ್ಲ ತೊಳೆಯುತ್ತೆ, ಹಳೇ ಎಂಜಿನ್ನಿನಲ್ಲಿ ಆಯಿಲ್ ತಡೆಯೋ ರಬ್ಬರ್ ಸೀಲ್‌ಗಳು ಆ ಕೊಳೆಯ ಮೇಲೇ ನಿಂತಿರುತ್ತವೆ, ಆದ್ದರಿಂದ ಸ್ವಲ್ಪ ದಿನ ಸೋರುತ್ತಾ ಅಂತ ನೋಡ್ಕೋತಾ ಇರಿ ಎಂದ. ಅತ್ತೆಗೆ ಅದರಲ್ಲಿ ಕಷ್ಟ ಕಾಣಲಿಲ್ಲ. ದಿನಾ ನೋಡುವುದು ಅವಳು ಮಾಡುತ್ತಲೇ ಇದ್ದ ಕೆಲಸ.

ಮೊದಮೊದಲು ತಟ್ಟೆಯಲ್ಲಿ ಹನಿ ಕಡಿಮೆಯೇ ಆದವು. ಕೆಮ್ಮು ನಿಂತ ಮುದುಕನ ಹಾಗೆ ಎಂಜಿನ್ ಮೆತ್ತಗಾಯಿತು. ಅತ್ತೆ ಬಾನೆಟ್ ಮೇಲೆ ಕೈಯಿಟ್ಟು ನಿಂತು ಕೇಳುವಳು. ಅವಳಿಗೆ ಅಷ್ಟು ಸಂತೋಷವಾದದ್ದನ್ನು ನಾನು ಮತ್ತೆ ನೋಡಲಿಲ್ಲ.

ಹಬ್ಬ ಬಂತು. ಆಯುಧಪೂಜೆಗೆ ಅವಳದೇ ಒಂದು ಪದ್ಧತಿ ಇತ್ತು. ಆ ದಿನ ಮುಂಜಾನೆ ತಟ್ಟೆಯನ್ನು ಕಾರಿನ ಕೆಳಗಿನಿಂದ ತೆಗೆದು, ಹುಣಸೆಹಣ್ಣು ಬೂದಿ ಹಾಕಿ ಫಳಫಳ ಬೆಳಗಿ, ಗಂಡನ ಫೋಟೋದ ಮುಂದೆ ಇಟ್ಟು ಎಡೆ ಹಾಕುವಳು. ಹಬ್ಬ ಕಳೆಯುವ ತನಕ ಅದು ಅಲ್ಲೇ. ಅದು ವರ್ಷಕ್ಕೊಮ್ಮೆ ಮತ್ತೆ ಅವನ ಊಟದ ತಟ್ಟೆಯಾಗುತ್ತಿತ್ತು. ಆ ಸಲವೂ ಹಾಗೇ ಮಾಡಿದಳು. ಕಾರು ತೊಳೆದು, ಚೆಂಡುಹೂವಿನ ಹಾರ ಹಾಕಿ, ಕುಂಕುಮ ತುಂಬಿದ ಬೂದುಗುಂಬಳ ಒಡೆದೆವು. ಗಾಲಿಯ ಕೆಳಗಿನ ನಿಂಬೆಹಣ್ಣು ಅಪ್ಪಚ್ಚಿಯಾದವು. ನೆಲವೆಲ್ಲ ಕೆಂಪು, ಹಳದಿ, ತೊಳೆದ ನೀರು. ವಿಜಯದಶಮಿಯ ದಿನ ಗಿರಾಕಿಗಳನ್ನು ದೇವಸ್ಥಾನಗಳಿಗೆ ಸುತ್ತಿಸಿ ಬಂದು ಅದೇ ನೆಲದ ಮೇಲೆ ಕಾರು ನಿಲ್ಲಿಸಿದಳು. ಆವತ್ತು ಸೀಲ್ ಬಿಟ್ಟಿತ್ತು. ಆಯಿಲ್ ಇಳಿಯುತ್ತಿತ್ತು. ಕುಂಕುಮದ ಕೆಸರಿನ ಮೇಲೆ ಅದು ಬಿದ್ದದ್ದು ಯಾರಿಗೂ ಕಾಣಲಿಲ್ಲ. ಹೇಳಬೇಕಾಗಿದ್ದ ತಟ್ಟೆ ಒಳಗೆ ಫೋಟೋದ ಮುಂದೆ ಹೋಳಿಗೆ ಹೊತ್ತು ಕೂತಿತ್ತು.

ಮರುದಿನ ಬೆಳಿಗ್ಗೆ ಮೇಷ್ಟ್ರನ್ನು ಹೃದಯದ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದಳು. ನಾನೂ ಇದ್ದೆ, ದಾರಿಯಲ್ಲಿ ಕಾಲೇಜಿಗೆ ಇಳಿಯುವವಳು. ಹೆಬ್ಬಾಳದ ಫ್ಲೈಓವರ್ ಏರುವಾಗ ಎಂಜಿನ್ನಿನಿಂದ ಟಕಟಕ ಎಂದು, ಯಾರೋ ಒಳಗಿನಿಂದ ಬಾಗಿಲು ಬಡಿದ ಹಾಗೆ ಶಬ್ದ ಬಂತು. ಅತ್ತೆಯ ಬೆನ್ನು ನೆಟ್ಟಗಾಯಿತು. ಅವಳಿಗೆ ಗೊತ್ತಾಗಿತ್ತು. ಆಗಲೇ ನಿಲ್ಲಿಸಿದ್ದರೆ ಎಂಜಿನ್ ಹೆಚ್ಚು ಕೆಡುತ್ತಿರಲಿಲ್ಲ. ಆದರೆ ಹಿಂದೆ ಬಸ್ಸು, ಲಾರಿ, ಪಕ್ಕದಲ್ಲಿ ಜಾಗವಿಲ್ಲ, ಮೇಷ್ಟ್ರಿಗೆ ಬೆಳಗಿನಿಂದ ಎದೆ ಬಿಗಿದುಕೊಂಡಿತ್ತು, ಬಿಸಿಲಲ್ಲಿ ಅವರನ್ನು ಫ್ಲೈಓವರ್ ಮೇಲೆ ಇಳಿಸುವುದು ಹೇಗೆ? ಅವಳು ನಿಲ್ಲಿಸಲಿಲ್ಲ. ನಿಧಾನಕ್ಕೆ, ಶಬ್ದ ಜೋರಾಗುತ್ತಾ ಹೋದರೂ, ಆಸ್ಪತ್ರೆಯ ಬಾಗಿಲಿನ ತನಕ ಒಯ್ದಳು. ಮೊಣಕೈ ಹಿಡಿದು ಅವರನ್ನು ಇಳಿಸಿ, ಒಳಗೆ ಕೂರಿಸಿ ಬಂದಳು. ಆಮೇಲೆ ಕಾರಿನ ಮುಂದೆ ಕೂತುಬಿಟ್ಟಳು. ಬಾನೆಟ್ಟಿನಿಂದ ಸುಟ್ಟ ವಾಸನೆ ಬರುತ್ತಿತ್ತು.

ಮೇಷ್ಟ್ರಿಗೆ ಅವಳು ನಿಜ ಹೇಳಲಿಲ್ಲ. ಅವರು ಎಣಿಸಿದ್ದು ಹಳೇ ಕಾರು, ಏನೋ ಕೆಟ್ಟಿದೆ ಎಂದು. ಮುಂದೆ ಬದುಕಿದ್ದಷ್ಟು ದಿನವೂ ಹತ್ತಿದಾಗಲೆಲ್ಲ, ಆಯಿಲ್ ಹೇಗಿದೆಯಮ್ಮ ಎಂದು ಕೇಳುತ್ತಿದ್ದರು. ಅತ್ತೆ ಪ್ರತಿ ಸಲವೂ, “ನೀವು ಕೊಟ್ಟಿದ್ದಲ್ವಾ ಮೇಷ್ಟ್ರೇ, ಚೆನ್ನಾಗಿದೆ” ಎನ್ನುವಳು.

ಕಾರು ಗ್ಯಾರೇಜಿನಲ್ಲಿ ತಿಂಗಳಿಗೂ ಮೀರಿ ಬಿದ್ದಿತ್ತು. ಅಷ್ಟು ದಿನವೂ ಅತ್ತೆ ಯಾರದೋ ಕಂಪನಿ ಕ್ಯಾಬನ್ನು ರಾತ್ರಿ ಪಾಳಿಯಲ್ಲಿ ಓಡಿಸಿದಳು. ಬೆಳಿಗ್ಗೆ ಬಂದಾಗ ಗೋಡೆ ಹಿಡಿದುಕೊಂಡು ಒಳಗೆ ನಡೆಯುವಳು. ಬೆನ್ನುನೋವು ಅವಳಿಗೆ ಮೊದಲೂ ಇತ್ತು, ನೋವಿನ ಮಾತ್ರೆ ನುಂಗುವುದೂ ಇತ್ತು. ಈಗ ಮಾತ್ರೆಯ ಪಟ್ಟಿ ಸೀರೆಯ ಸೆರಗಿಗೇ ಬಂತು. ಮೆಡಿಕಲ್ ಶಾಪಿನವನು ಕೇಳುವ ಮೊದಲೇ ತೆಗೆದುಕೊಡುತ್ತಿದ್ದ.

ಏರ್‌ಪೋರ್ಟ್ ರಸ್ತೆಯ ಶೋರೂಮ್ ಒಂದರಲ್ಲಿ ಹುಡುಗಿಯರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದಾರೆ, ಕಾಲೇಜು ಬಿಟ್ಟು ಸೇರುತ್ತೇನೆ ಎಂದು ನಾನು ಹೇಳಿದ್ದು ಆಗಲೇ. ಅತ್ತೆ ತಟ್ಟೆಯಲ್ಲಿದ್ದ ಅನ್ನವನ್ನು ಕಲಸುವುದು ನಿಲ್ಲಿಸಿದಳು.

“ನಿಮ್ಮ ದೊಡ್ಡಪ್ಪ ಏನಂದ?”

ನಾನು ಅವಳ ಲೋಟಕ್ಕೆ ನೀರು ಬಗ್ಗಿಸಿದೆ.

“ಎರಡೂ ತಡೆಯಲ್ಲ ಅಂದ. ಒಂದು ನಿಂತಿದೆ. ಇನ್ನೊಂದನ್ನ ನೀನೇ ನಿಲ್ಲಿಸ್ತೀಯ? ಅವನಿಗೆ ಅಷ್ಟು ಸುಲಭ ಮಾಡ್ಕೊಡ್ತೀಯ?”

ಆಮೇಲೆ ಮತ್ತೆ ಅನ್ನ ಕಲಸಿದಳು. ಶೋರೂಮಿನ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಇಂದು ನಾನು ಆಫೀಸಿನಲ್ಲಿ ಕೂರುವ ಕುರ್ಚಿ, ನನ್ನ ಹೆಸರಿನ ಮುಂದಿನ ಬಿ.ಕಾಂ. ಎಂಬ ಎರಡು ಅಕ್ಷರ, ಎಲ್ಲ ಆ ಎರಡು ತುತ್ತಿನ ನಡುವೆ ತೀರ್ಮಾನವಾದದ್ದು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಏಕೆಂದರೆ ಇದು ನನ್ನ ಒಬ್ಬಳ ಹೆಮ್ಮೆಯಲ್ಲ.

ಮೆಕ್ಯಾನಿಕ್ ಎಂಜಿನ್ ಬಿಚ್ಚಿ ಕಟ್ಟಿದ. ಸೀಲ್‌ಗಳನ್ನೆಲ್ಲ ಹೊಸದು ಹಾಕಿದ. ಈಗ ಅದೇ ಸಿಂಥೆಟಿಕ್ ಹಾಕಿ, ಏನೂ ಆಗಲ್ಲ ಎಂದು ಹೇಳಿದ. ಅತ್ತೆ ಹಳೆಯ ಗಟ್ಟಿ ಆಯಿಲ್ ತಂದಿದ್ದಳು.

“ಅಕ್ಕಾ, ತಪ್ಪು ಆಯಿಲ್‌ದಲ್ಲ, ಸೀಲ್‌ದು. ಒಣಗಿ ಬಿಸ್ಕತ್ ಆಗಿತ್ತು ಅದು.”

“ಒಣಗಿದ್ರೂ ನಿಂತಿತ್ತಲ್ಲಪ್ಪ ಇಷ್ಟು ವರ್ಷ. ಕೊಳೆ ಇತ್ತು, ಅದಕ್ಕೇ ನಿಂತಿತ್ತು. ತೊಳೆಯಕ್ಕೆ ಹೋಗಿದ್ದೇ ತಪ್ಪು.”

ಅವನು ಇನ್ನೇನೋ ಹೇಳಲು ಹೋದ. ಅವಳು ಡಬ್ಬದ ಮುಚ್ಚಳ ತಾನೇ ತಿರುಗಿಸಿದಳು. ಅವನು ಸುಮ್ಮನೆ ಸುರಿದ. ಅವತ್ತು ನಾನು ಅದನ್ನು ಒಂದು ಹಟ ಎಂದುಕೊಂಡೆ, ಅಷ್ಟೆ. ಕಾರಿನ ಬಗ್ಗೆ ಹೇಳಿದ ಮಾತು ಕಾರಿನಲ್ಲೇ ಉಳಿಯುತ್ತದೆ ಎಂದುಕೊಂಡಿದ್ದೆ.

ಮೂರನೇ ವರ್ಷ ಅವಳ ಪಾದಗಳು ಊದಿಕೊಂಡವು. ಮೊದಲು ಚಪ್ಪಲಿ ಬಿಗಿಯಾಯಿತು, ಆಮೇಲೆ ಬರಿಗಾಲಲ್ಲಿ ಬ್ರೇಕ್ ತುಳಿಯುವಳು. ಮುಖ ಬೆಳಿಗ್ಗೆ ಹೊತ್ತು ಬಾತುಕೊಂಡಿರುತ್ತಿತ್ತು. ಎಷ್ಟೋ ಜನರನ್ನು ಡಾಕ್ಟರ ಬಾಗಿಲಿಗೆ ಮುಟ್ಟಿಸಿದವಳು ತಾನು ಮಾತ್ರ ಹೊರಗೆ ಕಾರಿನಲ್ಲೇ ಕೂರುತ್ತಿದ್ದಳು. ನಾನೂ ಅವ್ವನೂ ಸೇರಿ ಎಳೆದುಕೊಂಡು ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ತಾಳ್ಮೆಯಿಂದ ಹೇಳಿದರು. ನೋವಿನ ಮಾತ್ರೆಗಳು ಕಿಡ್ನಿಯನ್ನು ತಿಂದಿವೆ, ಇವತ್ತಿನಿಂದಲೇ ನಿಲ್ಲಿಸಬೇಕು, ಬೇರೆ ಔಷಧಿ ಕೊಡುತ್ತೇನೆ, ಇನ್ನೂ ಸ್ವಲ್ಪ ಉಳಿದಿದೆ, ಉಳಿಸಿಕೊಳ್ಳಬಹುದು.

ಹೊಸ ಮಾತ್ರೆಗಳನ್ನು ಅತ್ತೆ ಒಂದು ದಿನ ನುಂಗಿದಳು. ಹಳೆಯದನ್ನು ಬಿಟ್ಟ ಆ ಒಂದೇ ದಿನಕ್ಕೆ ಬೆನ್ನು ಮುರಿದುಹೋದಂತಾಗಿ, ಸೀಟಿನಿಂದ ಏಳಲಾಗದೆ, ಗಿರಾಕಿಯೊಬ್ಬರೇ ಅವಳನ್ನು ಮೊಣಕೈ ಹಿಡಿದು ಇಳಿಸಿದರಂತೆ. ಅದು ಅವಳಿಗೆ ಸಾಕಾಯಿತು. ಹೊಸ ಮಾತ್ರೆಗಳು ಡಬ್ಬಿಯಲ್ಲಿ ಉಳಿದವು. ನಾನು ಜಗಳ ಮಾಡಿದೆ, ಅತ್ತುಬಿಟ್ಟೆ. ಡಾಕ್ಟರು ಹೇಳಿದ್ದನ್ನೆಲ್ಲ ಮತ್ತೆ ಮತ್ತೆ ಹೇಳಿದೆ. ಸೆರಗಿನ ಪಟ್ಟಿ ಕಿತ್ತು ಚರಂಡಿಗೆ ಎಸೆದೆ. ಅವಳು ಇನ್ನೊಂದು ತಂದಳು.

“ಈ ಮಾತ್ರೆ ಮೇಲೇ ನಿಂತಿದೀನಿ ಮಗಾ ಇಷ್ಟು ವರ್ಷ. ಈಗ ತೊಳೆದ್ರೆ ಎಲ್ಲಿ ಸೋರುತ್ತೋ, ಯಾರಿಗೆ ಗೊತ್ತು. ನಿನ್ನ ಪರೀಕ್ಷೆ ಮುಗೀಲಿ, ಆಮೇಲೆ ಮಲಗ್ತೀನಿ. ಎಷ್ಟು ಬೇಕಾದ್ರೂ ತೊಳೀರಿ ಆಗ.”

“ಅತ್ತೆ, ನೀನು ಕಾರಲ್ಲ.”

“ಕಾರಿಗಿಂತ ಹಳೇದು ಕಣೇ.”

ಎಂದು ನಕ್ಕಳು. ಹಬ್ಬದ ಮರುದಿನ ಫ್ಲೈಓವರ್ ಮೇಲೆ ಕೇಳಿದ ಆ ಟಕಟಕ ಅವಳ ಕಿವಿಯಿಂದ ಹೋಗಿರಲಿಲ್ಲ. ಹಳೆಯದನ್ನು ಬದಲಿಸಿದರೆ ಉಳಿದದ್ದೂ ಹೋಗುತ್ತದೆ ಎಂದು ಅವಳಿಗೆ ಒಂದೇ ಒಂದು ಸಲ ಕಣ್ಣಾರೆ ಕಂಡಿತ್ತು. ಅದರ ಮುಂದೆ ಡಾಕ್ಟರ ಮಾತು, ನನ್ನ ಅಳು, ಅವ್ವನ ಹರಕೆ ಯಾವುದೂ ನಿಲ್ಲಲಿಲ್ಲ. ಅವಳು ದಡ್ಡಿಯಾಗಿರಲಿಲ್ಲ. ಕೈಗೆ ಸಿಕ್ಕಿದ ಪಾಠವನ್ನು ಗಟ್ಟಿಯಾಗಿ ಹಿಡಿದುಕೊಂಡವಳು. ಅದು ತಪ್ಪು ಪಾಠವಾಗಿತ್ತು.

ಕಡೆಯ ಸೆಮಿಸ್ಟರಿನ ಪ್ರತಿ ಪರೀಕ್ಷೆಗೂ ಅವಳೇ ಬಿಟ್ಟು ಬಂದಳು. ಹಿಂದಿನ ವರ್ಷವೇ ನನಗೆ ಡ್ರೈವಿಂಗ್ ಕಲಿಸಿ ಲೈಸೆನ್ಸ್ ಮಾಡಿಸಿದ್ದಳು. ನಾನು ಓಡಿಸುತ್ತೇನೆ, ನೀನು ಪಕ್ಕದಲ್ಲಿ ಕೂತಿರು ಎಂದರೆ, “ಪರೀಕ್ಷೆ ದಿನ ಎರಡು ಕೆಲಸ ಬೇಡ” ಎನ್ನುವಳು. ಕಡೆಯ ಪೇಪರಿನ ದಿನ ನಾನು ಹೊರಗೆ ಬಂದಾಗ ಕಾರು ಬೇವಿನ ಮರದ ಕೆಳಗಿತ್ತು. ಅತ್ತೆ ಹಿಂದಿನ ಸೀಟಿನಲ್ಲಿ, ನಾನು ಓದಲು ಕೂರುತ್ತಿದ್ದ ಜಾಗದಲ್ಲಿ ಮಲಗಿದ್ದಳು. ಅವಳು ಹಿಂದೆ ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬೀಗದ ಕೈಯನ್ನು ನನ್ನ ಕಡೆ ಚಾಚಿದಳು. “ಈಗ ಓಡ್ಸು” ಎಂದಳು. ಮನೆಗೆ ಹೋಗಲಿಲ್ಲ. ನೇರ ಆಸ್ಪತ್ರೆಗೇ ಓಡಿಸಿದೆ.

ಡಯಾಲಿಸಿಸ್ ಶುರುಮಾಡಿದರು. ತಡವಾಗಿದೆ ಎಂದು ಅದೇ ಡಾಕ್ಟರು ಹೊರಗೆ ಕರೆದು ಹೇಳಿದರು, ಗದರಲಿಲ್ಲ. ಒಂದು ದಿನ ಸೂಜಿ ಹಾಕಲು ಬಂದ ನರ್ಸ್ ಎರಡೂ ಕೈಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಈ ಕೈ ಯಾಕೆ ಹೀಗೆ, ಸುಟ್ಟಿತ್ತಾ ಎಂದು ಕೇಳಿದಳು. ಅತ್ತೆಗೆ ಮಾತಾಡುವ ತ್ರಾಣ ಇರಲಿಲ್ಲ. ಆದರೂ ಬಲಗೈ ಸ್ವಲ್ಪ ಎತ್ತಿದಳು.

“ಇದು ಹೊರಗೆ ದುಡಿದಿದ್ದು ತಾಯಿ. ಅದು ಒಳಗೇ ಇತ್ತು. ಬೆಳ್ಳಗಿರೋದಕ್ಕೇ ಚುಚ್ಚು.”

ಅವ್ವ ದೊಡ್ಡಪ್ಪನಿಗೆ ಹೇಳಿ ಕಳಿಸಿದಳು. ಅವರು ಬರಲಿಲ್ಲ. ಅತ್ತೆ ಕೇಳಲೂ ಇಲ್ಲ. ಅವಳು ಕಡೆಯದಾಗಿ ಕೇಳಿದ್ದು, ತಟ್ಟೆ ಇಟ್ಟಿದ್ದೀಯಾ ಎಂದು. ಹೂಂ ಎಂದೆ. ಎಷ್ಟು ಸೋರಿತ್ತು ಎಂದಳು. ಮಾಮೂಲಿನಷ್ಟೇ ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು. ಸಾಯಂಕಾಲದ ಹೊತ್ತಿಗೆ ಹೋಗಿಬಿಟ್ಟಳು. ರಿಸಲ್ಟ್ ಇನ್ನೂ ಬಂದಿರಲಿಲ್ಲ.

ಅಂತ್ಯಕ್ರಿಯೆಗೆ ಸಹಕಾರನಗರದ, ಆರ್.ಟಿ. ನಗರದ ಮುದುಕರು ಮುದುಕಿಯರು ಆಟೋಗಳಲ್ಲಿ ಬಂದರು. ಮೊಣಕೈ ಹಿಡಿದು ಇಳಿಸಲು ಯಾರೂ ಇಲ್ಲದೆ, ಒಬ್ಬರನ್ನೊಬ್ಬರು ಹಿಡಿದುಕೊಂಡು ಇಳಿದರು. ಹುಣಸಮಾರನಹಳ್ಳಿಯಿಂದ ಅವ್ವ ಒಬ್ಬಳೇ.

ಕೆಲವು ತಿಂಗಳಾದ ಮೇಲೆ ಕಾರನ್ನು ಆ ಮೆಕ್ಯಾನಿಕ್ ಹತ್ತಿರ ಒಯ್ದೆ. ಈಗಲಾದರೂ ಸಿಂಥೆಟಿಕ್ ಹಾಕೋಣವಾ ಎಂದ. ಹಾಕು ಎಂದೆ. ಎಷ್ಟೋ ಹೊತ್ತು ಎಂಜಿನ್ ಓಡಿಸಿ, ಕೆಳಗೆ ಬಗ್ಗಿ ನೋಡಿದೆವು. ಹಲವು ದಿನ ನೋಡಿದೆ. ತಟ್ಟೆ ಪ್ರತಿ ಬೆಳಿಗ್ಗೆ ಖಾಲಿ ಇರುತ್ತಿತ್ತು. ಒಂದು ಹನಿಯೂ ಇಲ್ಲ. ಎಂಜಿನ್ ಮತ್ತೆ ಮೆತ್ತಗೆ ಓಡತೊಡಗಿತು, ಆ ಹಬ್ಬದ ಮುಂಚಿನ ದಿನಗಳ ಹಾಗೆ. ಬಾನೆಟ್ ಮೇಲೆ ಕೈಯಿಟ್ಟು ಕೇಳುತ್ತಾ ನಿಂತೆ. ಸಂತೋಷವಾಗಲಿಲ್ಲ. ಆ ಖಾಲಿ ತಟ್ಟೆಯನ್ನು ಅವಳಿಗೆ ತೋರಿಸಬೇಕಿತ್ತು. ಬದಲಿಸಿದರೂ ನಿಲ್ಲುತ್ತದೆ ಅತ್ತೆ, ಸೀಲ್ ಒಂದು ಸರಿ ಮಾಡಿಸಿಕೊಂಡರೆ ಸಾಕಿತ್ತು ಎಂದು ಅವಳ ಕೈ ಹಿಡಿದು ಬಗ್ಗಿಸಿ ತೋರಿಸಬೇಕಿತ್ತು. ತೋರಿಸಲು ಅವಳಿಲ್ಲ.

ಡಿಗ್ರಿ ಸರ್ಟಿಫಿಕೇಟ್ ಕೈಗೆ ಬಂದ ದಿನ, ಆಗ ನನ್ನ ಜೊತೆಗಿದ್ದ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಕಾರಿನಲ್ಲಿ ಹುಣಸಮಾರನಹಳ್ಳಿಗೆ ಹೋದೆ. ದೊಡ್ಡಪ್ಪ ಮನೆಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಹಳ ಇಳಿದುಹೋಗಿದ್ದರು. ಕಾರು ಗೇಟಿನ ಮುಂದೆ ನಿಂತಾಗ ಅವರ ಕಣ್ಣು ಹೋದದ್ದು ಡ್ರೈವರ್ ಸೀಟಿನ ಕಡೆಗೆ. ಇಳಿದವಳು ನಾನು ಎಂದು ಗೊತ್ತಾದ ಮೇಲೆ ಕುರ್ಚಿಗೆ ಒರಗಿಕೊಂಡರು.

ಜಗಳ ಆಡಬೇಕೆಂದೇ ಹೋಗಿದ್ದೆ. ಅವರು ಅವತ್ತು ಅಂದದ್ದನ್ನು ಅವರ ಮುಂದೆ ಒಂದಕ್ಷರ ಬಿಡದೆ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಹತ್ತಿರ ಹೋದಾ‌ಗ ಅದೆಲ್ಲ ಬಿಟ್ಟು ಚೀಲ ತೆರೆದೆ. ಸರ್ಟಿಫಿಕೇಟನ್ನು ಅವರ ಕೈಗೆ ಕೊಟ್ಟೆ. ಅವರು ಮೊದಲು ಪಂಚೆಗೆ ಎರಡೂ ಕೈ ಒರೆಸಿಕೊಂಡರು, ಆಮೇಲೆ ತೆಗೆದುಕೊಂಡರು. ತಲೆಕೆಳಗಾಗಿ ಹಿಡಿದಿದ್ದರು. ಅವ್ವ ಮೆಲ್ಲಗೆ ತಿರುಗಿಸಿ ಕೊಟ್ಟಳು. ಬಹಳ ಹೊತ್ತು ನೋಡಿದರು. ನನ್ನ ಹೆಸರು ಎಲ್ಲಿದೆ ಎಂದು ಕೇಳಿದರು. ತೋರಿಸಿದೆ. ಅದರ ಮೇಲೆ ಬೆರಳಿಟ್ಟು ತೆಗೆದರು. ಆಮೇಲೆ ಕಾರಿನ ಕಡೆ ನೋಡಿದರು.

“ಅದರ ಕೆಳಗೆ ಒಂದು ತಟ್ಟೆ ಇತ್ತಲ್ಲ?”

“ಡಿಕ್ಕಿಯಲ್ಲಿದೆ ದೊಡ್ಡಪ್ಪ. ಈಗ ಸೋರಲ್ಲ.”

ಅವರು ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ವಾಪಸ್ಸು ಕೊಟ್ಟರು.

“ಸೋರ್ದಿದ್ರೂ ಮಡಗವ್ವ” ಎಂದರು. “ನನ್ ತಂಗಿ ಮಡಗ್ತಿದ್ಲು.”